ಹೊಸ ಪಾರ್ಟಿಷನ್ ನಿಜವಾಗಿಯೂ ಬೇಕೆ?

ಲಿನಕ್ಸ್‌ನ ಲಾಜಿಕಲ್ ವಾಲ್ಯೂಮನ್ನು ಕಿರಿದಾಗಿಸಿ ಹೊಸ ಪಾರ್ಟಿಷನ್ನಿಗೆ ಜಾಗ ಮಾಡುವುದು ಎರಡು ನಿಮಿಷದ ಕೆಲಸವೆಂದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಹೇಳುತ್ತಾರೆ. ನಾನು ಒಪ್ಪಲಾರೆ. ಹಿಗ್ಗಿಸುವುದು ಸುಲಭ, ಕುಗ್ಗಿಸುವಾಗ ಕ್ರಮ ತಪ್ಪಿದರೆ ಕಡತಗಳೇ ನಾಶವಾಗುತ್ತವೆ. ಅವಸರದಲ್ಲಿ ವಾಲ್ಯೂಮನ್ನೇ ಮೊದಲು ಕತ್ತರಿಸಿ, ಸ್ಕ್ಯಾನ್ ಮಾಡಿಟ್ಟಿದ್ದ ನಿಮ್ಮ ತರಗತಿಗಳ ಗ್ರೂಪ್ ಫೋಟೋಗಳನ್ನು ನಾನು ಕಳೆದುಕೊಂಡದ್ದುಂಟು. (ಪ್ರತಿಗಳಿದ್ದವರು ದಯವಿಟ್ಟು ಕಳುಹಿಸಿ.)

ಬ್ಯಾಕಪ್ ತೆಗೆದುಕೊಂಡ ಮೇಲೆಯೇ ಕೈಹಾಕಬೇಕು. ಇಎಕ್ಸ್‌ಟಿ4 ಆಗಿದ್ದರೆ ಅದನ್ನು ಅನ್‌ಮೌಂಟ್ ಮಾಡಿ, ದೋಷಗಳಿಗಾಗಿ ಪರೀಕ್ಷಿಸಿ, ಮೊದಲು ಒಳಗಿನ ಫೈಲ್ ಸಿಸ್ಟಮನ್ನು ಕುಗ್ಗಿಸಬೇಕು. ತರುವಾಯ, ಅದಕ್ಕಿಂತ ಚಿಕ್ಕದಾಗದಂತೆ, ವಾಲ್ಯೂಮನ್ನು. ಇಷ್ಟಾದರೂ ಉಳಿದ ಜಾಗ ವಾಲ್ಯೂಮ್ ಗ್ರೂಪಿಗೆ ಸೇರುತ್ತದೆಯೇ ಹೊರತು ಡಿಸ್ಕಿನಲ್ಲಿ ತೆರವಾಗುವುದಿಲ್ಲ. ಪಾರ್ಟಿಷನ್ನೇ ಬೇಕೆಂದರೆ, ಕೊನೆಯಲ್ಲಿ ದತ್ತಾಂಶವಿದ್ದಲ್ಲಿ ಪಿವಿಮೂವ್‌ನಿಂದ ಮುಂದಕ್ಕೆ ಸರಿಸಿ, ಪಿವಿರಿಸೈಜ್‌ನಿಂದ ಫಿಸಿಕಲ್ ವಾಲ್ಯೂಮನ್ನು ಕುಗ್ಗಿಸಿ, ಕಡೆಗೆ ಪಾರ್ಟಿಷನ್ನಿನ ಗಡಿಯನ್ನು ತಿದ್ದಬೇಕು. ಒಂದೊಂದು ಹೆಜ್ಜೆಯಲ್ಲೂ ಅಪಾಯವಿದೆ.

ಮತ್ತೊಂದು ಆಪರೇಟಿಂಗ್ ಸಿಸ್ಟಮ್ ಹಾಕುವವರಿಗೆ ಈ ಶ್ರಮ ಅನಿವಾರ್ಯವಿರಬಹುದು. ಕಡತಗಳನ್ನು ಬೇರೆಯಾಗಿಡುವುದಷ್ಟೇ ಉದ್ದೇಶವಾದರೆ, ಗ್ರೂಪಿನಲ್ಲಿ ಉಳಿದ ಜಾಗದಲ್ಲೇ ಹೊಸ ಲಾಜಿಕಲ್ ವಾಲ್ಯೂಮ್ ಮಾಡಿಕೊಳ್ಳಿ. ಪಾರ್ಟಿಷನ್ನಿನ ಗೋಜಿಗೆ ಹೋಗಬೇಡಿ.