ರಾಹುಲ್‌ಗೆ ಅತ್ತವರು ಕರುಣ್‌ಗೆ ಅಳಲಿಲ್ಲ

ಶೆಟ್ಟಿಹಳ್ಳಿಯ ಟೀ ಅಂಗಡಿಯಲ್ಲಿ ಐಪಿಎಲ್ ಹರಾಜಿನ ಜಗಳ ಇನ್ನೂ ಮುಗಿದಿಲ್ಲ. 2024ರ ನವೆಂಬರ್‌ನಲ್ಲಿ ಡೆಲ್ಲಿ 14 ಕೋಟಿಗೆ ಕೆ.ಎಲ್. ರಾಹುಲ್‌ರನ್ನು ಕೊಂಡಿತಲ್ಲ, ಅಂದಿನಿಂದ ಶುರು. ‘ನಮ್ಮ ಹುಡುಗನ್ನೇ ಬಿಟ್ರಲ್ಲ ಗುರು, ಇದ್ಯಾವ ಸೀಮೆ ಬೆಂಗಳೂರು ಟೀಮು?’ ಮರುವರ್ಷ ಆರ್‌ಸಿಬಿ ಕಪ್ ಗೆದ್ದರೂ ಸಿಟ್ಟು ಆರಲಿಲ್ಲ. ಗೆದ್ದ ತಂಡದಲ್ಲಿ ದೇವದತ್ತ ಪಡಿಕ್ಕಲ್ ಇದ್ದರು, ಅವರು ಗಾಯಗೊಂಡಾಗ ಮಯಾಂಕ್ ಅಗರ್ವಾಲ್ ಬಂದರು. ಅದೆಲ್ಲ ಲೆಕ್ಕಕ್ಕಿಲ್ಲ.

ನನ್ನ ತಕರಾರು ಬೇರೆ. ಆರ್‌ಸಿಬಿ ಕಂಪನಿಯೊಂದರ ಆಸ್ತಿ. ಕನ್ನಡಿಗರನ್ನು ಆಡಿಸಲೇಬೇಕೆಂಬ ಹೊಣೆ ಅದಕ್ಕಿಲ್ಲ. ಆ ಹೊಣೆ ಇರುವುದು ಕರ್ನಾಟಕ ರಾಜ್ಯ ತಂಡಕ್ಕೆ. 2015ರ ರಣಜಿ ಫೈನಲ್‌ನಲ್ಲಿ 328 ಹೊಡೆದು ನಮ್ಮನ್ನು ಗೆಲ್ಲಿಸಿದ, ಮರುವರ್ಷ ಟೆಸ್ಟ್‌ನಲ್ಲೂ ತ್ರಿಶತಕ ಬಾರಿಸಿದ ಕರುಣ್ ನಾಯರ್, ಅದೇ ತಂಡದಲ್ಲಿ ಜಾಗ ಸಿಗದೆ 2023ರಲ್ಲಿ ವಿದರ್ಭಕ್ಕೆ ಹೋದರು. ಅವತ್ತು ಇಲ್ಲಿ ಯಾರೂ ಲೋಟ ಕುಕ್ಕಲಿಲ್ಲ. ನಾನೂ ಅಷ್ಟೇ, ಸುದ್ದಿ ಓದಿ ಪುಟ ತಿರುವಿದ್ದೆ. 2025ರ ರಣಜಿ ಫೈನಲ್‌ನಲ್ಲಿ ಅವರು ಶತಕ ಹೊಡೆದರು, ಕಪ್ಪು ವಿದರ್ಭದ ಪಾಲಾಯಿತು.

ರಾಹುಲ್‌ಗಾಗಿ ಕೂಗುವವರು ರಾಜ್ಯ ತಂಡದ ಪಟ್ಟಿಯನ್ನು ಒಮ್ಮೆಯಾದರೂ ಓದುತ್ತಾರಾ? ಮೊನ್ನೆ ಕೇಳಿಯೇಬಿಟ್ಟೆ. ‘ರಣಜಿ ಯಾರು ನೋಡ್ತಾರೆ ಮಗಾ’ ಎಂದು ಇನ್ನೊಂದು ಟೀ ಹೇಳಿದರು.