ಮಗು ನೋಡಿಕೊಳ್ಳುವುದೂ ತೋಟದ ಕೆಲಸವೇ

2024ರ ನವೆಂಬರ್. ನಮ್ಮ ಮೊದಲ ಕೊಯ್ಲಿನ ದಿನ. ಕೊನೆ ತೆಗೆಯಲು ಒಬ್ಬರು, ಹಗ್ಗ ಹಿಡಿಯಲು ಒಬ್ಬರು, ಉದುರಿದ ಅಡಿಕೆ ಹೆಕ್ಕಲು ಮೂವರು ಹೆಂಗಸರು. ಮೂವರಲ್ಲಿ ಒಬ್ಬಾಕೆ ಎರಡು ವರ್ಷದ ಮಗನನ್ನು ಕರಕೊಂಡು ಬಂದಿದ್ದಳು. ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇಲ್ಲ. ನಾವೆಲ್ಲ ಸೇರಿ ಅವನನ್ನು ಹಾಳೆಯಲ್ಲಿ ಕೂರಿಸಿ ಎರಡು ಸಲ ಎಳೆದು ಆಡಿಸಿದೆವು. ಆಮೇಲೆ ನಮ್ಮ ನಮ್ಮ ಕೆಲಸ.

ಹತ್ತೂವರೆಗೆ ಚಾ ಕುಡಿಯಲು ಕರೆದಾಗ ಮಗು ಇಲ್ಲ. ಆಚೀಚೆ ನೋಡಿದರೆ ಕೆರೆಯ ಎರಡನೇ ಮೆಟ್ಟಿಲಲ್ಲಿ ಕೂತಿದ್ದಾನೆ! ನೀರಲ್ಲಿ ತೇಲುತ್ತಿದ್ದ ಹಣ್ಣಡಿಕೆಗೆ ಕೈ ಚಾಚಿದ್ದಾನೆ. ತಾಯಿ ಕೂಗಲಿಲ್ಲ. ಕೂಗಿದರೆ ಬೆಚ್ಚಿ ಜಾರೀತು ಅಂತ ಆಕೆಗೆ ಆ ಕ್ಷಣದಲ್ಲೂ ಹೊಳೆದಿತ್ತು. ಹಿಂದಿನಿಂದ ಹೋಗಿ ರಟ್ಟೆ ಹಿಡಿದಳು. ಆಮೇಲೆ ಅಲ್ಲೇ ಕುಸಿದು ಕೂತಳು.

ಮರುದಿನ ಆಕೆ ಕೆಲಸಕ್ಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. "ಮಗುವನ್ನು ನೋಡಿಕೊಳ್ಳಲು ಆಗದವಳು ಕೆಲಸಕ್ಕೆ ಯಾಕೆ ಬರಬೇಕಿತ್ತು" ಎಂದವರೂ ಇದ್ದರು. ನನಗೆ ಹಾಗೆ ಹೇಳಲು ಬಾಯಿ ಬರಲಿಲ್ಲ. ಕೆರೆ ನನ್ನದು. ಅದಕ್ಕೆ ಬೇಲಿ ಹಾಕದೆ ಇದ್ದದ್ದು ನಾನು. ಆಕೆಯನ್ನು ಕೆಲಸಕ್ಕೆ ಬರಲೇಬೇಕು ಅಂತ ಎರಡೆರಡು ಸಲ ಫೋನ್ ಮಾಡಿದ್ದೂ ನಾನೇ.

ನಮ್ಮ ಸಭೆಗಳಲ್ಲಿ "ಆಳು ಸಿಗುವುದಿಲ್ಲ" ಅನ್ನುವ ಮಾತು ಮೂರು ಹೊತ್ತು ಕೇಳುತ್ತೇವೆ. ಯಂತ್ರ ಬೇಕು, ದೋಟಿ ಬೇಕು, ಹೊರರಾಜ್ಯದವರು ಬೇಕು ಅನ್ನುತ್ತೇವೆ. ಆದರೆ ನಮ್ಮ ಬೈಲಿನಲ್ಲೇ ಕೆಲಸ ಗೊತ್ತಿರುವ ಹೆಂಗಸರು ಮನೆಯಲ್ಲಿ ಯಾಕೆ ಕೂತಿದ್ದಾರೆ ಅಂತ ಯಾರೂ ಕೇಳಿದ್ದಿಲ್ಲ. ನಾನು ಕೇಳಿಕೊಂಡು ಹೋದೆ. ನಾಲ್ಕು ಮನೆಗಳಲ್ಲಿ ಒಂದೇ ಉತ್ತರ: "ಮಗುವನ್ನು ಎಲ್ಲಿ ಬಿಡ್ಲಿ ಅಕ್ಕ?"

ಮೂರು ವರ್ಷದ ಕೆಳಗಿನವರು

ಅಂಗನವಾಡಿ ಇದೆಯಲ್ಲ ಎನ್ನಬಹುದು. ಇದೆ, ಒಳ್ಳೆಯದೇ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಯೋಜನೆ ಇಂದು ಊರೂರಿಗೆ ಬಂದಿದೆ. ಆದರೆ ನಮ್ಮಲ್ಲಿ ಕೂರಿಸಿಕೊಳ್ಳುವುದು ಮೂರು ತುಂಬಿದ ಮಕ್ಕಳನ್ನು. ಅದಕ್ಕಿಂತ ಸಣ್ಣವರಿಗೆ ಮನೆಗೆ ಕೊಂಡುಹೋಗುವ ಆಹಾರದ ಪೊಟ್ಟಣ ಸಿಗುತ್ತದೆ. ಪೊಟ್ಟಣ ಮಗುವಿನ ಹೊಟ್ಟೆ ತುಂಬಿಸೀತು, ಮಗು ಕೆರೆ ಬದಿಗೆ ಹೋಗದ ಹಾಗೆ ಕಾಯುವುದಿಲ್ಲ. ನಡೆಯಲು ಕಲಿತು, ಹೇಳಿದ್ದು ಅರ್ಥವಾಗದ ಆ ಪ್ರಾಯವೇ ಹೆಚ್ಚು ಅಪಾಯದ್ದು. ನಮ್ಮ ಅಂಗಳದ ಸುತ್ತ ಏನೇನಿದೆ ಎಣಿಸಿ ನೋಡಿ: ಕೆರೆ, ಮದಕ, ಗೋಬರ್ ಗ್ಯಾಸಿನ ಗುಂಡಿ, ಮೈಲುತುತ್ತು ಕರಗಿಸಿದ ಡ್ರಮ್, ಅಡಿಕೆ ಸುಲಿಯುವ ಕತ್ತಿ.

ದೊಡ್ಡ ಎಸ್ಟೇಟುಗಳಿಗೆ 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯಲ್ಲೇ ಶಿಶುಮಂದಿರದ ನಿಯಮ ಇತ್ತು. 50 ಹೆಂಗಸರು ದುಡಿಯುವಲ್ಲಿ ಅದು ಬೇಕು ಎಂದಿತ್ತು. ಎರಡೂವರೆ ಎಕ್ರೆಯ ನನ್ನಂಥವಳ ತೋಟದಲ್ಲಿ 50 ಹೆಂಗಸರು ಎಲ್ಲಿಂದ ಬರಬೇಕು? ಸಣ್ಣ ತೋಟಕ್ಕೆ ಯಾವ ಕಾಯ್ದೆಯೂ ಇಲ್ಲ. ನಾವೇ ಮಾಡಿಕೊಳ್ಳಬೇಕು.

ಜಗಲಿಯಲ್ಲಿ ಶುರು

ನಮ್ಮ ಬೈಲಿನಲ್ಲಿ ಒಬ್ಬರು ಅಕ್ಕ ಇದ್ದಾರೆ. ಐವತ್ತು ದಾಟಿದೆ. ಮೊಣಕಾಲು ನೋವು, ಕುಕ್ಕರಗಾಲಲ್ಲಿ ಕೂತು ಅಡಿಕೆ ಹೆಕ್ಕಲು ಆಗುವುದಿಲ್ಲ. ನೆರೆಯ ಒಂದೆರಡು ಮಕ್ಕಳು ಅವರ ಜಗಲಿಯಲ್ಲಿ ಯಾವಾಗಲೂ ಇರುತ್ತಿದ್ದರು. ಸಂಜೆ ತಾಯಿ ಬಂದು ಕರಕೊಂಡು ಹೋಗುವಾಗ ವೀಳ್ಯದೆಲೆಯೋ ಒಂದು ತೆಂಗಿನಕಾಯಿಯೋ ಕೊಟ್ಟರೆ ಆಯಿತು. ಅದನ್ನು ಯಾರೂ ಕೆಲಸ ಅಂತ ಲೆಕ್ಕ ಹಾಕಿರಲಿಲ್ಲ. ಅಕ್ಕನೂ ಹಾಕಿರಲಿಲ್ಲ.

ನಾವು ಐದು ಮನೆಯವರು ಮಾತಾಡಿಕೊಂಡೆವು. ಕೊಯ್ಲು, ಸುಲಿತ ಇರುವ ದಿನಗಳಲ್ಲಿ ಬೆಳಿಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕೂವರೆ ತನಕ ಐದು ಮಕ್ಕಳು ಅಕ್ಕನ ಜಗಲಿಯಲ್ಲಿ. ಅವರಿಗೆ ದಿನಕ್ಕೆ 500 ರೂಪಾಯಿ, ಮನೆಗೆ 100ರಂತೆ. ತೋಟಕ್ಕೆ ಬಂದ ಹೆಂಗಸಿಗೆ ನಾವು ಕೊಡುತ್ತಿದ್ದ ಸಂಬಳವೂ ಅಷ್ಟೇ. ಜಗಲಿಗೆ ಬಿದಿರಿನ ಅಡ್ಡಗೇಟು, ಒಂದು ಚಾಪೆ, ಎರಡು ತೊಟ್ಟಿಲು ನಮ್ಮ ಖರ್ಚು.

ದುಡ್ಡು ಯಾರು ಕೊಡಬೇಕು ಅಂತ ಚರ್ಚೆ ಆಯಿತು. ತಾಯಂದಿರೇ ಕೊಡಲಿ ಎಂದರು ಒಬ್ಬರು. ನನ್ನ ಅಭಿಪ್ರಾಯ ಸ್ಪಷ್ಟ: ತೋಟದವರೇ ಕೊಡಬೇಕು. 500 ರೂಪಾಯಿ ದುಡಿಯುವವಳು ಅದರಲ್ಲಿ 100 ಮಗುವಿಗೆ ಕೊಟ್ಟು, ಬಸ್ಸಿಗೆ ಕೊಟ್ಟರೆ ಉಳಿಯುವುದೆಷ್ಟು? ಮನೆಯಲ್ಲೇ ಕೂತು ಬೀಡಿ ಕಟ್ಟುವುದು ಲೇಸು ಅಂತ ಅವಳಿಗೆ ಕಂಡರೆ ತಪ್ಪಲ್ಲ. ನನಗೋ, 100 ರೂಪಾಯಿಗೆ ಕೆಲಸ ಗೊತ್ತಿರುವ ಒಂದು ಆಳು ಇಡೀ ಕೊಯ್ಲಿಗೆ ಸಿಕ್ಕಿತು. ಅಂಗಳದಲ್ಲಿ ಒಣಗಿದ ಅಡಿಕೆ ಒಂದು ಮಳೆಗೆ ನೆನೆದರೆ ಆಗುವ ನಷ್ಟದ ಮುಂದೆ ಇದೆಷ್ಟು?

ಹದಿನೈದು ದಿನಕ್ಕೆ ಮುರಿದು ಬಿತ್ತು

ಇಲ್ಲಿಗೆ ನಿಲ್ಲಿಸಿದರೆ ಚಂದದ ಯಶೋಗಾಥೆ ಆಗುತ್ತಿತ್ತು. ಆದದ್ದು ಬೇರೆ. ಹದಿನೈದನೇ ದಿನ ಒಂದು ಮಗು ಹುರಿದ ನೆಲಗಡಲೆ ಬಾಯಿಗೆ ಹಾಕಿಕೊಂಡು, ಅದು ಗಂಟಲಿಗೆ ಸಿಕ್ಕಿತು. ಅಕ್ಕ ಗಾಬರಿಯಲ್ಲಿ ಬಾಯಿಗೆ ಬೆರಳು ಹಾಕಿದರು. ಬೊಬ್ಬೆ ಕೇಳಿ ಓಡಿ ಹೋದ ನನಗೂ ಏನು ಮಾಡುವುದು ಗೊತ್ತಿಲ್ಲ. ಮಗು ವಾಂತಿ ಮಾಡಿಕೊಂಡಿತು, ಬದುಕಿತು. ಅದು ನಮ್ಮ ಜಾಣತನ ಅಲ್ಲ, ಅದೃಷ್ಟ.

ಸಂಜೆ ಮಗುವಿನ ತಾಯಿ ಅಕ್ಕನಿಗೆ ನಾಲ್ಕು ಮಾತು ಬೈದಳು. ಅಕ್ಕ ಒಂದೂ ತಿರುಗಿ ಹೇಳಲಿಲ್ಲ. ನನ್ನ ಹತ್ತಿರ ಬಂದು "ನಾಳೆಯಿಂದ ನನ್ನಿಂದ ಆಗ್ಲಿಕ್ಕಿಲ್ಲ. ವೀಳ್ಯದೆಲೆಗೆ ನೋಡ್ತಿದ್ದಾಗ ಯಾರೂ ಬೈದದ್ದಿಲ್ಲ. ಸಂಬಳ ತಕೊಂಡ ಮೇಲೆ ಬೈಗಳೂ ನನ್ನದೇ ಆಯ್ತಲ್ಲ" ಎಂದರು.

ನಾವು ಎಡವಿದ್ದು ಎಲ್ಲಿ ಅಂತ ಆಗ ತಿಳಿಯಿತು. ಸಂಬಳ ಕೊಟ್ಟೆವು, ಜವಾಬ್ದಾರಿ ಹೊರಿಸಿದೆವು. ಕಲಿಸಲಿಲ್ಲ, ಜತೆಗೂ ನಿಲ್ಲಲಿಲ್ಲ. ಐದು ಮಕ್ಕಳೊಡನೆ ದಿನವಿಡೀ ಒಬ್ಬರೇ. ಬಚ್ಚಲಿಗೆ ಹೋಗಬೇಕೆಂದರೂ ಮಕ್ಕಳನ್ನು ನೋಡಲು ಜನ ಇಲ್ಲ.

ಯೋಚಿಸಿ. ತೆಂಗಿನಕಾಯಿ ಕೀಳುವವರು ಕಡಿಮೆಯಾದಾಗ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಮರ ಹತ್ತಲು ತರಬೇತಿ ಶುರು ಮಾಡಿತು. ಹತ್ತುವ ಉಪಕರಣ ಕೊಟ್ಟರು, ವಿಮೆ ಮಾಡಿಸಿದರು. ಹಾಲಿನ ಸೊಸೈಟಿಯಲ್ಲಿ ಫ್ಯಾಟ್ ನೋಡುವವರಿಗೆ ತರಬೇತಿ ಉಂಟು, ಹಸುವಿಗೆ ಇಂಜೆಕ್ಷನ್ ಕೊಡುವವರಿಗೆ ಉಂಟು. ಐದು ಮಕ್ಕಳ ಜೀವ ಕೈಯಲ್ಲಿಟ್ಟುಕೊಂಡವರಿಗೆ ಮಾತ್ರ "ಹೆಂಗಸಲ್ವಾ, ಗೊತ್ತಿರ್ತದೆ" ಎಂದುಬಿಟ್ಟೆವು.

ಕಲಿತದ್ದು

ಅಂಗನವಾಡಿ ಟೀಚರ್ ಮತ್ತು ಆಶಾ ಕಾರ್ಯಕರ್ತೆಯನ್ನು ಒಂದು ಭಾನುವಾರ ಕರೆದೆವು. ಅಕ್ಕ, ಐವರು ತಾಯಂದಿರು, ನಾವು ತೋಟದವರು ಎಲ್ಲ ಒಟ್ಟಿಗೆ ಕೂತೆವು. ಕಲಿತದ್ದರಲ್ಲಿ ಕೆಲವು:

ಗಂಟಲಿಗೆ ಸಿಕ್ಕಿ ಮಗುವಿಗೆ ಕೆಮ್ಮಲೂ ಅಳಲೂ ಆಗದಿದ್ದರೆ, ಕಾಣದ ವಸ್ತುವಿಗೆ ಬೆರಳು ಹಾಕಿ ತಡಕಬಾರದು, ಅದು ಇನ್ನೂ ಒಳಗೆ ಹೋದೀತು. ವರ್ಷದೊಳಗಿನ ಕೂಸಾದರೆ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿನಲ್ಲಿರಲಿ. ಬೆನ್ನಿನ ಮೇಲ್ಭಾಗದಲ್ಲಿ, ಹೆಗಲ ಎಲುಬುಗಳ ನಡುವೆ ಅಂಗೈ ಬುಡದಿಂದ 5 ಸಲ ಬಲವಾಗಿ ತಟ್ಟಿ. ಹೋಗದಿದ್ದರೆ ಅಂಗಾತ ಮಾಡಿ ಎದೆಯ ನಡುವೆ 5 ಸಲ ಒತ್ತಿ. ದೊಡ್ಡ ಮಗುವಾದರೆ ಮುಂದಕ್ಕೆ ಬಾಗಿಸಿ 5 ಸಲ ಬೆನ್ನಿಗೆ ತಟ್ಟಿ, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲೆ 5 ಸಲ ಒಳಕ್ಕೂ ಮೇಲಕ್ಕೂ ಒತ್ತಿ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಬರೀ ಓದಿದರೆ ಸಾಲದು, ಗೊತ್ತಿದ್ದವರಿಂದ ಕೈಯಲ್ಲಿ ಮಾಡಿ ಕಲಿಯಿರಿ.

ಭೇದಿ ಶುರುವಾದರೆ ಓಆರ್‌ಎಸ್ ಪೊಟ್ಟಣ. ಅದಿಲ್ಲದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಚಮಚದ ಅಂಚಿಗೆ ಸಮ ಮಾಡಿ ಅಳೆಯಬೇಕು.

ಮದ್ದು ಬಿಟ್ಟು ಬಂದವರು ಸ್ನಾನ ಮಾಡಿ ಬಟ್ಟೆ ಬದಲಿಸದೆ ಮಗುವನ್ನು ಎತ್ತಬಾರದು. ಇದು ನಮ್ಮ ಗಂಡಸರಿಗೇ ಹೇಳಬೇಕಾದ ಪಾಠ.

ಆ ದಿನ ಬೈದ ತಾಯಿಯೂ ಎಲ್ಲರ ಎದುರು ಗೊಂಬೆಯ ಬೆನ್ನಿಗೆ ತಟ್ಟಿ ಕಲಿತಳು. ಅದು ಅಷ್ಟು ಸುಲಭ ಅಲ್ಲ ಅಂತ ಅವಳಿಗೂ ತಿಳಿಯಿತು. ಅಕ್ಕ ಸೋಮವಾರ ಪುನಃ ಜಗಲಿಯಲ್ಲಿ ಚಾಪೆ ಹಾಸಿದರು.

ಆಮೇಲೆ ಎರಡು ಬದಲಾವಣೆ. ಒಂದು, ಮಧ್ಯಾಹ್ನ ಒಂದು ಗಂಟೆ ಹೊತ್ತು ತಾಯಂದಿರಲ್ಲಿ ಒಬ್ಬಳು ಸರದಿಯಲ್ಲಿ ಅಕ್ಕನ ಜತೆ ಇರುವುದು, ಆ ಗಂಟೆಯ ಸಂಬಳ ಕಡಿಯುವುದಿಲ್ಲ. ಹಿಂದಿನ ಮುಯ್ಯಾಳಿನ ಕ್ರಮವೇ ಇದು. ಎರಡು, ತಿಂಗಳಿಗೊಮ್ಮೆ ಆಚೆ ಬೈಲಿನಲ್ಲಿ ಹೀಗೇ ಮಕ್ಕಳನ್ನು ನೋಡುವ ಇನ್ನಿಬ್ಬರ ಜತೆ ಅಕ್ಕ ಕೂತು ಮಾತಾಡುವುದು. ಹಟ ಮಾಡುವ ಮಗುವಿಗೆ ಏನು ಮಾಡ್ತೀರಿ, ನಿದ್ದೆ ಮಾಡದವನಿಗೆ ಏನು ಮಾಡ್ತೀರಿ ಅಂತ. "ನಂಗೊಬ್ಳಿಗೇ ಕಷ್ಟ ಅಂತ ತಿಳ್ಕೊಂಡಿದ್ದೆ" ಎಂದರು ಅಕ್ಕ. ನನ್ನ ಲೆಕ್ಕದಲ್ಲಿ ಈ ಮಾತುಕತೆ ಅರ್ಧ ತರಬೇತಿಗೆ ಸಮ.

ಇನ್ನೊಂದು ಮಾತು ಮುಚ್ಚಿಡುವುದಿಲ್ಲ. ಯಾರ ಮನೆಯ ಗಂಜಿ ಯಾರ ಮಗು ಉಣ್ಣುವುದು ಎಂಬ ಪ್ರಶ್ನೆಯನ್ನು ಬಾಯಿಬಿಟ್ಟು ಯಾರೂ ಕೇಳಲಿಲ್ಲ, ಆದರೆ ಇತ್ತು. ಶುರುವಿಗೆ ಎಲ್ಲರೂ ಬುತ್ತಿ ಕಟ್ಟಿ ಕಳಿಸುತ್ತಿದ್ದರು. ಎರಡನೇ ವಾರಕ್ಕೆ ಮಕ್ಕಳು ಬುತ್ತಿ ಬಿಟ್ಟು ಒಂದೇ ತಟ್ಟೆಗೆ ಕೈ ಹಾಕಿದರು. ಈಗ ಅಕ್ಕನ ಒಲೆಯಲ್ಲಿ ಎಲ್ಲರಿಗೂ ಒಂದೇ ಗಂಜಿ. ಅಕ್ಕಿ ನಾವು ತೋಟದವರು ಕೊಡುತ್ತೇವೆ.

ಬೇರೆಯವರು ಮಾಡಿದ್ದಾರೆ

ಮನೆ ಬದಿಯಲ್ಲೇ ನೀರಿರುವ ಊರು ನಮ್ಮದೊಂದೇ ಅಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಮನೆಗೊಂದು ಹೊಂಡ. ತಾಯಿ ಅಡುಗೆ, ಕೆಲಸದಲ್ಲಿರುವ ಬೆಳಗಿನ ಹೊತ್ತಿಗೇ ಅಲ್ಲಿ ಮಕ್ಕಳು ನೀರಿಗೆ ಬೀಳುವುದು ಹೆಚ್ಚು. ಅದಕ್ಕೆ ಅಲ್ಲಿ "ಅಂಚಲ್" ಎಂಬ ವ್ಯವಸ್ಥೆ ಮಾಡಿದರು. ಅಂಚಲ್ ಎಂದರೆ ಸೆರಗು. ಊರಿನದೇ ಒಬ್ಬ ಹೆಂಗಸು, "ಅಂಚಲ್ ಮಾ", ತನ್ನ ಮನೆಯಲ್ಲೇ ಬೆಳಿಗ್ಗೆ 9ರಿಂದ 1ರ ತನಕ ಸುಮಾರು 25 ಮಕ್ಕಳನ್ನು ಸಹಾಯಕಿಯೊಬ್ಬಳ ಜತೆ ನೋಡಿಕೊಳ್ಳುತ್ತಾಳೆ. ಅವಳಿಗೆ ತರಬೇತಿ ಕೊಡುತ್ತಾರೆ, ಊರಿನ ಸಮಿತಿಯೊಂದು ಬೆನ್ನಿಗಿರುತ್ತದೆ. ಈ ಮಕ್ಕಳಲ್ಲಿ ನೀರಿಗೆ ಬಿದ್ದು ಸಾಯುವುದು ನೂರಕ್ಕೆ 80ರಷ್ಟು ಕಡಿಮೆಯಾಯಿತು ಎಂದು ಅಧ್ಯಯನ ತೋರಿಸಿತು. 2022ರಲ್ಲಿ ಅಲ್ಲಿನ ಸರಕಾರವೇ ಇಂಥ 8,000 ಕೇಂದ್ರಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೊಡ್ಡ ಕಟ್ಟಡ ಅಲ್ಲ, ಯಂತ್ರ ಅಲ್ಲ. ಒಂದು ಜಗಲಿ, ತರಬೇತಿ ಪಡೆದ ಒಬ್ಬ ಹೆಂಗಸು.

ನಮ್ಮ ದೇಶದಲ್ಲೂ ಉಂಟು. ಅಹಮದಾಬಾದಿನಲ್ಲಿ "ಸೇವಾ" ಸಂಘಟನೆಯ ಹೆಂಗಸರು 1986ರಲ್ಲಿ ಮಕ್ಕಳನ್ನು ನೋಡಿಕೊಳ್ಳುವವರದ್ದೇ ಸಹಕಾರಿ ಸಂಘ "ಸಂಗಿನಿ" ಕಟ್ಟಿದರು. ಹಾಲಿಗೆ, ಅಡಿಕೆಗೆ ಸಹಕಾರಿ ಕಟ್ಟಿದ ನಮಗೆ ಇದು ಹೊಸ ಪಾಠವೇನಲ್ಲ.

2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ ಒಂದು ಒಳ್ಳೆಯ ಮಾತಿತ್ತು. ಕೆಲಸದ ಜಾಗಕ್ಕೆ 6 ವರ್ಷದೊಳಗಿನ 5 ಮಕ್ಕಳು ಬಂದರೆ, ಹೆಂಗಸರಲ್ಲಿ ಒಬ್ಬಳನ್ನು ಅವರನ್ನು ನೋಡಿಕೊಳ್ಳಲು ಬಿಡಬೇಕು, ಅವಳಿಗೂ ಕೂಲಿ ಕೊಡಬೇಕು. 2025ರ ಡಿಸೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಬೇರೆ ಕಾಯ್ದೆ ಪಾಸಾಯಿತು. ಆದರೆ ಮಣ್ಣು ಹೊರುವಷ್ಟೇ ಮಗು ನೋಡುವುದೂ ಕೆಲಸ ಎಂಬ ಆ ಲೆಕ್ಕ ಇಂದಿಗೂ ಸರಿಯೇ. ನಮ್ಮ ರಾಜ್ಯದ 2023-24ರ ಬಜೆಟಿನಲ್ಲಿ 4,000 ಗ್ರಾಮ ಪಂಚಾಯತುಗಳಿಗೆ "ಕೂಸಿನ ಮನೆ" ಘೋಷಿಸಿ, ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ನೋಡಿಕೊಳ್ಳಲು ನೇಮಿಸಿದರು. ಒಳ್ಳೆಯ ಕೆಲಸ. ಆದರೆ ಪಂಚಾಯತಿನಲ್ಲಿ ಒಂದು ಮನೆ ಇದ್ದರೆ, ನಾಲ್ಕು ಮೈಲಿ ಆಚೆಯ ಬೈಲಿನ ತಾಯಿ ಕೂಸನ್ನು ಹೊತ್ತು ಅಲ್ಲಿಗೆ ಹೋಗಿ, ಪುನಃ ತೋಟಕ್ಕೆ ಬರುವಾಗ ಹತ್ತು ಗಂಟೆ.

ಕೇಳಬೇಕಾದದ್ದು

ಪಂಚಾಯತಿನಿಂದ ನಾನು ಕೇಳುವುದು ಕಟ್ಟಡ ಅಲ್ಲ. ಶಿಶುಪಾಲನೆಯ ತರಬೇತಿ ಆಗುವಾಗ ನಮ್ಮ ಅಕ್ಕನಂಥವರನ್ನೂ ಕೂರಿಸಿಕೊಳ್ಳಲಿ. ವರ್ಷಕ್ಕೊಮ್ಮೆ ಅದನ್ನು ಮರಳಿ ಹೇಳಿಕೊಡಲಿ. ಅವರಿಗೊಂದು ವಿಮೆ ಇರಲಿ. ಆರೋಗ್ಯ ಕೇಂದ್ರದಿಂದ ತಿಂಗಳಿಗೊಮ್ಮೆ ಯಾರಾದರೂ ಬಂದು ಮಕ್ಕಳ ತೂಕ ನೋಡಲಿ.

ಸಹಕಾರಿ ಸಂಘಗಳಿಂದ ಕೇಳುವುದು: ಲಾಭದಲ್ಲಿ ಒಂದಿಷ್ಟು ಈ ಜಗಲಿಗಳಿಗೆ ತೆಗೆದಿಡಿ.

ನಮ್ಮಿಂದ ನಾವೇ ಕೇಳಿಕೊಳ್ಳಬೇಕಾದದ್ದು: ಮೊದಲು ಕೆರೆಗೆ ಬೇಲಿ. ನನ್ನದಕ್ಕೆ ಈಗ ಅಡಿಕೆ ಸಲಿಕೆಯ ಬೇಲಿ, ಗೇಟು ಆಗಿದೆ. ಮರಕ್ಕೆ ಮದ್ದು ಬಿಡುವ ಖರ್ಚು, ಗೊಬ್ಬರದ ಖರ್ಚು ಬರೆಯುವ ಪುಸ್ತಕದಲ್ಲಿ ಮಗು ನೋಡುವವರ ಸಂಬಳಕ್ಕೂ ಒಂದು ಸಾಲು ಬೇಕು. ನಾನು ಬರೆದಿಟ್ಟಿದ್ದೇನೆ. ಎರಡು ಕೊಯ್ಲು ದಾಟಿತು. ಆವತ್ತು ಕೆರೆ ಬದಿಯಲ್ಲಿ ಕುಸಿದು ಕೂತ ತಾಯಿ ಮೊದಲ ಕೊಯ್ಲು ಮುಗಿಯುವ ಹೊತ್ತಿಗೆ ಕೆಲಸಕ್ಕೆ ಮರಳಿ ಬಂದಳು. ಅವಳ ಮಗ ಈಗ ಅಂಗನವಾಡಿಗೆ ಹೋಗುತ್ತಾನೆ. ಆದರೂ ಸಂಜೆ ಅಕ್ಕನ ಜಗಲಿಗೆ ಹೋಗಿ ಬಾರದೆ ಮನೆ ಸೇರುವುದಿಲ್ಲ.

ಈ ಮಳೆಗಾಲದಲ್ಲಿ ಅಕ್ಕನಿಗೆ ಸಂಬಳ ಹೇಗೆ ಎಂಬುದು ನಮಗಿನ್ನೂ ಬಗೆಹರಿದಿಲ್ಲ. ತೋಟದಲ್ಲಿ ಕೆಲಸ ಕಡಿಮೆ, ಮಕ್ಕಳೂ ಬರುವುದಿಲ್ಲ. ನಿಮ್ಮ ಊರಿನಲ್ಲಿ ಇಂಥ ಜಗಲಿ ಇದ್ದರೆ, ನೀವು ಇದಕ್ಕೆ ದಾರಿ ಕಂಡಿದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ. ಇಲ್ಲದಿದ್ದರೆ, ಈ ಸಲ ಕೊಯ್ಲಿಗೆ ಆಳಿಗೆ ಫೋನ್ ಮಾಡುವಾಗ ಒಂದು ಮಾತು ಹೆಚ್ಚಿಗೆ ಕೇಳಿ: "ಮಗುವನ್ನು ಯಾರು ನೋಡ್ಕೊಳ್ತಾರೆ?"