3306ನ್ನು ಊರಿಗೆಲ್ಲ ತೆರೆಯಬೇಡಿ

ಸಂಸ್ಥೆಯೊಂದರ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಶಾಖೆಗಳು ಕೋಲಾರದ ಡೇಟಾಬೇಸ್ ಸರ್ವರ್‌ಗೆ ಸೇರಲು ಮೈಎಸ್‌ಕ್ಯೂಎಲ್‌ನ ಬೈಂಡ್-ಅಡ್ರೆಸ್ ಅನ್ನು 0.0.0.0 ಮಾಡಿ, 3306ನೇ ಪೋರ್ಟ್ ತೆರೆದರೆ ಸಾಕು ಎಂದಿದ್ದಾರೆ ಈ ಪತ್ರಿಕೆಯ ಕಳೆದ ಸಂಚಿಕೆಯ ಲೇಖನವೊಂದರ ಲೇಖಕರು. ಇದು ಅಪಾಯಕಾರಿ ಸಲಹೆ. ಹಾಗೆ ಮಾಡಿದರೆ ಕದ ತೆರೆಯುವುದು ಮೂರು ತಾಲ್ಲೂಕಿಗಲ್ಲ, ಇಡೀ ಜಗತ್ತಿಗೆ.

2017ರ ಜನವರಿಯಲ್ಲಿ, ಪಾಸ್‌ವರ್ಡ್ ಇಲ್ಲದೆ ಅಂತರ್ಜಾಲಕ್ಕೆ ಒಡ್ಡಿಕೊಂಡಿದ್ದ ಸಾವಿರಾರು ಮಾಂಗೋಡಿಬಿ ಡೇಟಾಬೇಸ್‌ಗಳನ್ನು ದಾಳಿಕೋರರು ಅಳಿಸಿ, ಬಿಟ್‌ಕಾಯಿನ್‌ನಲ್ಲಿ ಒತ್ತೆಹಣ ಕೇಳಿದ್ದನ್ನು ಆ ಲೇಖಕರು ಮರೆತರೇ? ಟೊಮೆಟೊ ಮಂಡಿಯ ಲೆಕ್ಕ, ಮಾವು ಬೆಳೆಗಾರರ ಬಾಕಿ, ಅವರ ಬ್ಯಾಂಕ್ ಖಾತೆ ಸಂಖ್ಯೆ ಇರುವ ಕಡೆ ಇಂಥ ಉಡಾಫೆ ಸಲ್ಲದು.

ಬದಲಿಗೆ, ಶಾಖೆಗಳು ವಿಪಿಎನ್ ಮೂಲಕ ಬರಲಿ. ಸರ್ವರ್ ವಿಪಿಎನ್‌ನ ಒಳವಿಳಾಸದಲ್ಲಷ್ಟೇ ಸಂಪರ್ಕ ಸ್ವೀಕರಿಸಲಿ. ಉಳಿದದ್ದನ್ನೆಲ್ಲ ಫೈರ್‌ವಾಲ್ ತಡೆಯಲಿ. ಪ್ರತಿ ಶಾಖೆಗೂ ಪ್ರತ್ಯೇಕ ಬಳಕೆದಾರ, ಬೇಕಾದಷ್ಟೇ ಅಧಿಕಾರ ಕೊಡಿ. ರೂಟ್ ಖಾತೆಗೆ ಮಾತ್ರ ಕೋಲಾರದ ಯಂತ್ರದ ಹೊರಗಿನಿಂದ ಲಾಗಿನ್ ಸಾಧ್ಯವಾಗಲೇಬಾರದು.